ದೀಪಾವಳಿಗೆ ಮುಂಚೆ ಕಾಶ್ಮೀರದ ಚಿನಾರ್ ಬಣ್ಣ ನೋಡಿ ಬರಬೇಕು: ಅತ್ತೆಯ ಮೊಣಕಾಲು, ಮಗಳ ರಜೆ, ನೀರು ತುಂಬೋ ಹಬ್ಬ ಎಲ್ಲ ಹೊಂದಿಸೋದು ಹೇಗೆ?

ಪಿಂಪ್ಳೆ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಪಿಂಪ್ಳೆ ಸೌದಾಗರ್‌ನಲ್ಲಿರೋ ಹುಬ್ಬಳ್ಳಿಯವರು. ಇಲ್ಲಿ ಅಕ್ಟೋಬರ್ ಅಂದ್ರೆ ಮಳೆ ನಿಂತು ಮತ್ತೆ ಬಿಸಿಲು ಏರೋ ತಿಂಗಳು, ಫ್ಯಾನ್ ಕೆಳಗೆ ಕೂತು ಚಕ್ಕುಲಿ ಹಿಟ್ಟು ನಾದೋ ಕಾಲ. ಎಲೆ ಕೆಂಪಾಗೋದು ನಮಗೆ ಕಾಣೋದು ಯಜಮಾನರ ಅಮೆರಿಕದ ಗೆಳೆಯರು ಕಳಿಸೋ ಫೋಟೋದಲ್ಲಿ ಮಾತ್ರ. ಈ ವರ್ಷ ನಾವೂ ನೋಡೋಣ ಅಂತ ಮನಸ್ಸು ಮಾಡಿದ್ದೀವಿ. ವೀಸಾ, ಡಾಲರ್ ಎರಡೂ ಕೈಗೆ ಎಟುಕದ್ದು, ಹಾಗಾಗಿ ಕಾಶ್ಮೀರ, ಅಲ್ಲಿ ಚಿನಾರ್ ಅನ್ನೋ ಮರದ ಎಲೆ ಕೆಂಪಾಗುತ್ತೆ.

ನಾಲ್ಕು ಜನ: ನಾವಿಬ್ಬರು, ಎಂಟನೇ ಕ್ಲಾಸಿನ ಮಗಳು, 68ರ ಅತ್ತೆ. ಅತ್ತೆ ಸಮತಟ್ಟಾದ ಕಡೆ ಎಷ್ಟು ಬೇಕಾದ್ರೂ ನಡೀತಾರೆ, ಮೆಟ್ಟಿಲು ಕಂಡ್ರೆ ಅಲ್ಲೇ ಕೂರ್ತಾರೆ. ಮಗಳ ಪರೀಕ್ಷೆ ಅಕ್ಟೋಬರ್ 29ಕ್ಕೆ ಮುಗಿಯುತ್ತೆ, 31ರಿಂದ ರಜೆ. ದೀಪಾವಳಿ ನವೆಂಬರ್ 8, ಭಾನುವಾರ. ಅತ್ತೆಯ ಷರತ್ತು ಒಂದೇ: ಹಿಂದಿನ ಸಂಜೆ ನೀರು ತುಂಬೋ ಹೊತ್ತಿಗೆ ಮನೇಲಿರಬೇಕು, ಹಂಡೆಗೆ ಹಿಂಡಲಕಾಯಿ ಬಳ್ಳಿ ಅವರೇ ಕಟ್ಟಬೇಕು. (ಹಂಡೆ ಅಂದ್ರೆ ಈಗ ಬಾತ್‌ರೂಮಿನ ಗೀಸರ್. ಅದಕ್ಕೇ ಬಳ್ಳಿ ಕಟ್ತಾರೆ. ನಾವು ಯಾರೂ ನಗೋ ಹಾಗಿಲ್ಲ.)

ಟೂರ್ ಏಜೆಂಟ್ ಕೊಟ್ಟ ಪ್ಯಾಕೇಜಿನಲ್ಲಿ ಶ್ರೀನಗರ ಒಂದು ರಾತ್ರಿ, ಗುಲ್ಮರ್ಗ್, ಸೋನಮರ್ಗ್, ಪಹಲ್ಗಾಮ್ ಎರಡು ರಾತ್ರಿ, ಮತ್ತೆ ಶ್ರೀನಗರ. "ಅಕ್ಟೋಬರ್, ನವೆಂಬರ್ ಯಾವಾಗ ಹೋದ್ರೂ ಫುಲ್ ಕೆಂಪು ಮೇಡಂ" ಅಂತಾನೆ. ಇಷ್ಟು ಓಡಾಟದಲ್ಲಿ ಎಲೆ ನೋಡೋದು ಯಾವಾಗ ಅಂತ ಕೇಳಿದ್ರೆ, ಗಾಡಿ ಕಿಟಕಿಯಿಂದ ಕಾಣುತ್ತಂತೆ. ಮಗಳಿಗೆ ಮರದಿಂದ ಸೇಬು ಕೀಳಬೇಕು. ಅತ್ತೆಗೆ ಕಾಶ್ಮೀರಪುರವಾಸಿನಿ ಶಾರದೆ. ನನಗೆ ಕೇಸರಿ ಹೊಲ. ಯಜಮಾನರಿಗೆ ನಿದ್ದೆ. ಹೋಗಿ ಬಂದವರು ದಿನಾಂಕ, ಜಾಗ, ಸಸ್ಯಾಹಾರ, ಥಂಡಿ ಇವುಗಳ ಬಗ್ಗೆ ಬಿಡಿಸಿ ಹೇಳಿ.

ಧಾರವಾಡದಜ್ಜ_ಕೋಥ್ರೂಡ್

ತಂಗಿ, ಮೊದಲ ಆ ಏಜೆಂಟನ ಕಾಗದ ಬಾಜೂಕ ಇಡ್ರಿ. ನಾ ಬ್ಯಾಂಕಿನ್ಯಾಗ ಇದ್ದಾಗ ಶ್ರೀನಗರದಾಗ ಕೆಲಸ ಮಾಡಿದಂವ, ನಿವೃತ್ತಿ ಆದ ಮ್ಯಾಲೂ ಹೋಗಿ ಬಂದೀನಿ. ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಿಮ್ಮ ತಾರೀಖಿನ್ಯಾಗ ಒಂದು ಚೊಲೋ ಸುದ್ದಿ ಅದ. 2025ರಾಗ ದೀಪಾವಳಿ ಅಕ್ಟೋಬರ್ 20ರ ಸುತ್ತ ಇತ್ತು. ದಿವಾಳಿ ಸೂಟಿ ಅಂತ ಓಡಿದ ಪುಣೆ ಮಂದಿ ಅರ್ಧಾಮರ್ಧ ಹಸರು ಚಿನಾರ್ ನೋಡಿ ತಿರುಗಿ ಬಂದ್ರು. ಈ ವರ್ಷ ಅಧಿಕ ಜ್ಯೇಷ್ಠ ಬಂದು ಹಬ್ಬ ಎಲ್ಲಾ ಮುಂದ ಸರದಾವ, ಅದಕ್ಕ ನಿಮ್ಮ ಸೂಟಿ ಸರಿಯಾಗಿ ಬಣ್ಣದ ಮ್ಯಾಲೆ ಬಂದು ಕುಂತದ. ನಮ್ಮ ಹಬ್ಬ ಚಂದ್ರನ್ನ ನೋಡಿ ಬರ್ತಾವ, ಗಿಡ ಸೂರ್ಯನ್ನ ನೋಡ್ತದ. ಹಗಲು ಸಣ್ಣ ಆಗಿ ರಾತ್ರಿ ಥಂಡಿ ಹತ್ತಿತಂದ್ರ ಎಲಿಯೊಳಗಿನ ಹಸರು ಕರಗ್ತದ, ಅದರ ಕೆಳಗ ಮೊದಲಿಂದ ಇದ್ದ ಹಳದಿ ಮ್ಯಾಲೆ ಬರ್ತದ. ಕೆಂಪು ಮಾತ್ರ ಆವಾಗ ಹೊಸದಾಗಿ ತಯಾರಾಗೂದು. ಹಗಲು ಬಿಸಿಲು, ರಾತ್ರಿ ಥಂಡಿ, ನಡುವ ಮಳಿ-ಗಾಳಿ ಇಲ್ಲ ಅಂದ್ರ ಆ ವರ್ಷ ಕೆಂಪು ಜೋರ. ಶ್ರೀನಗರದಾಗ ಇದು ಅಕ್ಟೋಬರ್ ಕಡೀ ವಾರಕ್ಕ ಹತ್ತಿ ನವೆಂಬರ್ ಎರಡನೇ ವಾರದ ತನಕಾ ಇರ್ತದ.

ಇನ್ನ ಜಾಗದ ಮಾತು. ಗುಲ್ಮರ್ಗ್ ಇರೂದು 2,650 ಮೀಟರ್ ಎತ್ತರದಾಗ. ಅಲ್ಲಿ ಫರ್, ಪೈನ್ ಗಿಡ, ವರ್ಷಪೂರ್ತಿ ಹಸರ. ನವೆಂಬರ್ ಮೊದಲನೇ ವಾರದಾಗ ಹುಲ್ಲು ಒಣಗಿರ್ತದ, ಬರ್ಫ ಬಿದ್ದಿರ್ತದೋ ಇಲ್ಲೋ ಭರವಸಾ ಇಲ್ಲ. ಬಣ್ಣಕ್ಕಂತ ಹೋದವರಿಗೆ ಅಲ್ಲಿ ಏನೂ ಕೆಲಸ ಇಲ್ಲ. ಸೋನಮರ್ಗ್‌ದ್ದೂ ಅದೇ ಹಣೇಬರಹ. ಪಹಲ್ಗಾಮ್ ದಾರಿಯೊಳಗ ಪಾಪ್ಲರ್, ವಿಲ್ಲೋ, ಅಕ್ರೋಟ್ ಹಳದಿ ಆಗಿರ್ತಾವ, ಚಂದ ಅದ, ಆದ್ರ ಎತ್ತರದಾಗ ಬಣ್ಣ ಮೊದಲು ಬಂದು ಮೊದಲು ಉದುರ್ತದ. ಚಿನಾರ್ ಅಂದ್ರ ಕಣಿವಿ ತಳದ ಗಿಡ, ಶ್ರೀನಗರದ ಗಿಡ. ಹಿಂಗಾಗಿ ನನ್ನ ಮಾತು ಇಷ್ಟ: ಐದೂ ರಾತ್ರಿ ಶ್ರೀನಗರದಾಗ ಒಂದ ರೂಮ್ ಹಿಡೀರಿ. ಸೂಟ್‌ಕೇಸ್ ದಿನಾ ಬಿಚ್ಚಿ ಕಟ್ಟೂದು ತಪ್ಪತದ, ಅತ್ತಿಯವರ ಮೊಣಕಾಲೂ ಉಳೀತಾವ. ಬೇಕಾದ್ರ ಪಹಲ್ಗಾಮ್‌ಗೆ ಒಂದು ದಿವಸ ಹೋಗಿ ಸಂಜಿಗೆ ಬರ್ರಿ.

31ಕ್ಕ ಹೊರಟು 5ಕ್ಕ ವಾಪಸ್. 6ಕ್ಕ ಬರ್ತೀವಿ ಅಂತ ಹಟ ಮಾಡಬ್ಯಾಡ್ರಿ. 2018ರಾಗ ನವೆಂಬರ್ 3ಕ್ಕ, 2019ರಾಗ ನವೆಂಬರ್ 7ಕ್ಕ ಅಲ್ಲಿ ಹಠಾತ್ ಬರ್ಫ ಬಿದ್ದು ಸೇಬಿನ ಗಿಡ ಟೊಂಗಿ ಸಮೇತ ಮುರದಿದ್ವು. ಅಂಥಾದ್ದು ಆತಂದ್ರ ವಿಮಾನ, ರಸ್ತೆ ಎರಡೂ ಕೈಕೊಡ್ತಾವ. ನೀರು ತುಂಬೂದಕ್ಕ ಮುಂಚೆ ಒಂದು ದಿವಸ ಖಾಲಿ ಇಟ್ಕೊಳ್ರಿ.

ಡೊಂಬಿವ್ಲಿ_ಕುಂದಾಪ್ರ

ಅಜ್ಜ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಫೋಟೋದ ಹುಚ್ಚಿನವ, ಹಾಗಾಗಿ ಬೆಳಕಿನ ಲೆಕ್ಕ ಹೇಳ್ತೇನೆ.

ಬೆಳಿಗ್ಗೆ ನಸೀಮ್ ಬಾಗ್. ಹಜ್ರತ್‌ಬಲ್ ಹತ್ತಿರ, ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲೇ ಉಂಟು. ಮೊಘಲರ ಕಾಲದ ತೋಟ, ಕಾರಂಜಿ ಇಲ್ಲ, ಮೆಟ್ಟಿಲಿಲ್ಲ, ಬರೀ ಚಿನಾರ್ ಸಾಲು. ದಾಲ್ ಸರೋವರದ ಪಶ್ಚಿಮ ದಡ ಆದ್ದರಿಂದ ಬೆಳಗಿನ ಬಿಸಿಲು ನೀರಿನ ಕಡೆಯಿಂದ ಓರೆಯಾಗಿ ಬಂದು ಎಲೆಯ ಹಿಂದೆ ಬೀಳ್ತದೆ. ನಿಮ್ಮ ಅತ್ತೆಯವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಎಷ್ಟು ಬೇಕಾದರೂ ನಡೀಲಿ. ವಿದ್ಯಾರ್ಥಿಗಳು ಪುಸ್ತಕ ಹಿಡಿದು ಕೂತಿರ್ತಾರೆ, ಅವರ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ ಅಷ್ಟೆ. ಚಿನಾರ್ ಮರಗಳಿಗೆ ಈಗ ಕ್ಯೂಆರ್ ಕೋಡ್ ಫಲಕ ಹಾಕ್ತಾ ಇದ್ದಾರೆ. ಕಂಡಲ್ಲಿ ಮಗಳು ಫೋನ್ ಹಿಡಿದರೆ ಆ ಮರದ ವಯಸ್ಸು, ಸುತ್ತಳತೆ ಬರ್ತದೆ. ಸೇಬು ಸಿಗದ ಬೇಜಾರಿಗೆ ಅದು ಸ್ವಲ್ಪ ಸಮಾಧಾನ. ಹೌದು, ಸೇಬು ಸಿಗುವುದು ಕಷ್ಟ. ಕೊಯ್ಲು ಅಕ್ಟೋಬರಿಗೇ ಹೆಚ್ಚುಕಡಿಮೆ ಮುಗೀತದೆ, ನೀವು ಹೋಗುವಾಗ ಪೆಟ್ಟಿಗೆ ತುಂಬಿದ ಲಾರಿ ಸಾಲು ಕಂಡೀತು.

ಮಧ್ಯಾಹ್ನ ಮೂರರ ಮೇಲೆ ನಿಶಾತ್ ತೋಟ. ಅದು ಪೂರ್ವ ದಡ, ಬೆನ್ನಿಗೆ ಜಬರ್ವಾನ್ ಬೆಟ್ಟ, ಇಳಿಬಿಸಿಲು ಸರೋವರ ದಾಟಿ ನೇರ ಮರಗಳ ಮೇಲೆ. ಆದರೆ ನಿಶಾತ್‌ಗೆ 12 ಹಂತ, ಅತ್ತೆಯವರನ್ನು ಕೆಳಗಿನ ಹಂತದಲ್ಲೇ ಕೂರಿಸಿ. 1619ರಲ್ಲಿ ಜಹಾಂಗೀರ್ ಮಾಡಿಸಿದ ಶಾಲಿಮಾರ್ ಅಷ್ಟು ಕಡಿದಲ್ಲ, ಅಲ್ಲಿ ಅವರೂ ಸುತ್ತಬಹುದು. ಆರರ ಒಳಗೆ ಸೂರ್ಯ ಮುಳುಗಿ ಆಗಿರ್ತದೆ ಮಾರಾಯ್ರೆ, ಮುಂಬೈ ಲೆಕ್ಕದಲ್ಲಿ ಚಾ ಕುಡಿದು ಹೊರಟರೆ ಕತ್ತಲೆ ನೋಡಿ ಬರಬೇಕು. ನವೆಂಬರ್ 1ಕ್ಕೆ ನೀವು ಅಲ್ಲೇ ಇರ್ತೀರಿ, ಅಲ್ವಾ? ಇಲ್ಲಿ ಸಂಘದ ರಾಜ್ಯೋತ್ಸವ ತಪ್ಪಿತು ಅಂತ ಬೇಸರ ಬೇಡ. ಒಂದೇ ಚಿನಾರ್ ಮರ ಮೇಲೆ ಕುಂಕುಮ, ಕೆಳಗೆ ಅರಿಶಿನ ಆಗಿ ನಮ್ಮ ಬಾವುಟದ ಹಾಗೆ ನಿಂತಿರ್ತದೆ, ಬಣ್ಣ ತಲೆಕೆಳಗು ಅಷ್ಟೆ.

ಕೇಸರಿಗೆ ಪಾಂಪೋರ್. ಶ್ರೀನಗರದಿಂದ ಅರ್ಧ-ಮುಕ್ಕಾಲು ಗಂಟೆ. ಹೂ ಬಿಡುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಮಾತ್ರ, ನಿಮ್ಮ ದಿನಾಂಕ ಸರಿಯಾಗಿ ನಡುವಿಗೇ ಬೀಳ್ತದೆ. ಹೋಗುವುದಾದರೆ ಬೆಳಿಗ್ಗೆ ಬೇಗ; ಬಿಸಿಲೇರುವ ಮೊದಲೇ ಮನೆಮಂದಿ ಬುಟ್ಟಿ ಹಿಡಿದು ಬಗ್ಗಿ ಕೊಯ್ತಾ ಇರ್ತಾರೆ. ನೇರಳೆ ಹೂವಿನೊಳಗೆ ಮೂರು ಕೆಂಪು ಎಳೆ, ಅದೇ ಕೇಸರಿ. ಒಂದು ಗ್ರಾಂ ಆಗಲಿಕ್ಕೆ ಸುಮಾರು 150 ಹೂ ಬೇಕು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ದಾಲ್ ದಡದಲ್ಲಿ ಅಗ್ಗಕ್ಕೆ ಸಿಗುವ ಡಬ್ಬಿ ಏನು ಅಂತ ತಾನಾಗಿ ಗೊತ್ತಾಗ್ತದೆ. ಹೊಲದ ಬದುವಿನಲ್ಲಿ ನಿಂತು ಕೇಳಿ, ಕರೆದರೆ ಒಳಗೆ ಹೋಗಿ. ರೀಲ್ಸ್ ಮಾಡಲಿಕ್ಕೆ ಗೆಡ್ಡೆ ತುಳಿಯುವವರನ್ನು ಕಂಡರೆ ಅವರಿಗೆ ಮೈ ಉರೀತದೆ, ನನಗೂ. ಎಳೆಯನ್ನು ನೀರಿಗೆ ಹಾಕಿ ನೋಡಿ: ಅಸಲಿಯಾದರೆ ನಿಧಾನಕ್ಕೆ ಹಳದಿ ಬಿಡ್ತದೆ, ಎಳೆ ಕೆಂಪಾಗಿಯೇ ಉಳೀತದೆ. ಥಟ್ಟನೆ ನೀರು ಕೆಂಪಾದರೆ ಇಟ್ಟು ಬನ್ನಿ.

ಪಿಂಪ್ಳೆ_ಹುಬ್ಬಳ್ಳಿ

ಇಬ್ಬರಿಗೂ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಅಧಿಕ ಮಾಸದ ಮಾತು ಕೇಳಿ "ನೋಡು, ಧಾರವಾಡದವರು" ಅಂದ್ರು, ಏಜೆಂಟನ ಕಥೆ ಅಲ್ಲಿಗೆ ಮುಗೀತು.

ಉಳಿದ ಪ್ರಶ್ನೆಗಳು. ಶಾರದೆ ಗುಡಿಗೆ ಹೋಗೋಕೆ ಆಗುತ್ತಾ? ಊಟಕ್ಕೆ ಅವಲಕ್ಕಿ, ಚಟ್ನಿಪುಡಿ ಹೊತ್ಕೊಂಡು ಹೋಗಬೇಕಾ? ಸ್ವೆಟರ್ ಸಾಕಾ? ಮತ್ತೆ ನಮ್ಮಮ್ಮ ಪಹಲ್ಗಾಮ್ ಹೆಸರು ಕೇಳಿದ್ರೆ ಫೋನ್ ಇಡ್ತಾರೆ, ಅವರಿಗೆ ಏನು ಹೇಳಲಿ?

ಮಡಗಾಂವ್_ಹಾವೇರಿ

ನನ್ನದು ಅಡ್ಡ ಮಾತು. ಕಾಶ್ಮೀರಕ್ಕೆ ಖಂಡಿತ ಹೋಗಿ, ಆದರೆ ನಮ್ಮ ಕಡೆ ಮರ ಕೆಂಪಾಗೋದೇ ಇಲ್ಲ ಅಂತ ಮಗಳಿಗೆ ಹೇಳಬೇಡಿ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಭೀಮಾಶಂಕರ, ಮುಳಶಿ ಕಡೆ ಒಮ್ಮೆ ಗಾಡಿ ತಿರುಗಿಸಿ. ಮರಾಠಿಯವರು ಕೋಶಿಂಬ ಅನ್ನೋ ಮರ ಚಿಗುರಿದಾಗ ಇಡೀ ಮರವೇ ರಕ್ತಗೆಂಪು. ಅದು ಉದುರೋ ಎಲೆ ಅಲ್ಲ, ಹುಟ್ಟೋ ಎಲೆ. ಕೆಲವು ವಾರದಲ್ಲಿ ಹಸಿರಾಗುತ್ತೆ. ನಮ್ಮ ಮೊಲ್ಲೆಂ ಕಾಡಲ್ಲೂ ಇದೆ. ಟಿಕೆಟ್ ಇಲ್ಲ, ಸ್ವೆಟರ್ ಬೇಡ, ನೋಡೋ ಜನವೂ ಇಲ್ಲ. ಎಲ್ಲರೂ ಸೆಪ್ಟೆಂಬರ್‌ನಲ್ಲಿ ಕಾಸ್ ಪಠಾರದ ಹೂವಿಗೆ ಕ್ಯೂ ನಿಂತು ಸುಸ್ತಾಗಿ, ಮಾರ್ಚ್‌ನಲ್ಲಿ ಎಸಿ ಹಾಕ್ಕೊಂಡು ಮನೇಲಿರ್ತಾರೆ.

ಧಾರವಾಡದಜ್ಜ_ಕೋಥ್ರೂಡ್

ಮಡಗಾಂವ್ ಅವರ ಮಾತು ಖರೇ ಅದ. ಮಾರ್ಚ್‌ಕ್ಕ ಅದನ್ನೂ ಮಾಡ್ರಿ.

ತಂಗಿ, ನಿಮ್ಮ ತಾಯಿಯವರಿಗೆ ಇದ್ದದ್ದ ಹೇಳ್ರಿ. 2025ರ ಏಪ್ರಿಲ್ 22ಕ್ಕ ಪಹಲ್ಗಾಮ್‌ದಾಗ ಪ್ರವಾಸಿಗರ ಮ್ಯಾಲೆ ಉಗ್ರರ ದಾಳಿ ಆದ ಮ್ಯಾಲೆ ಬಹಳಷ್ಟು ಜಾಗ ಬಂದ್ ಮಾಡಿ, ಆಮ್ಯಾಲೆ ಹಂತ ಹಂತವಾಗಿ ತೆರದಾರ. ಹೊರಡೂ ಮುಂಚೆ ಹೋಟೆಲ್‌ನವರಿಗೆ ಯಾವುದು ತೆರೆದದ, ಯಾವುದು ಇಲ್ಲ ಅಂತ ಕೇಳ್ರಿ, ಸರ್ಕಾರದ ಸೂಚನಾ ನೋಡ್ರಿ. ಅವರಿಗೆ ಸಮಾಧಾನ ಆಗದಿದ್ರ ಪಹಲ್ಗಾಮ್ ಬಿಟ್ಟುಬಿಡ್ರಿ. ಬಣ್ಣಕ್ಕ ಅದು ಬೇಕೇ ಬೇಕಂತಿಲ್ಲ.

ಶಾರದಾ ಗುಡಿ ಟೀಟ್ವಾಲ್‌ದಾಗ ಅದ, ಕಿಶನ್‌ಗಂಗಾ ದಂಡಿ ಮ್ಯಾಲೆ, ಗಡಿರೇಖೆಗೆ ಹತ್ತಿ. 2023ರಾಗ ತೆರೆದ ಗುಡಿ, ಮೂರ್ತಿ ನಮ್ಮ ಶೃಂಗೇರಿಯಿಂದ ಹೋದದ್ದು. ಆದ್ರ ಸಾಧನಾ ಪಾಸ್ ಅನ್ನೂ ಎತ್ತರದ ಘಟ್ಟ ಹತ್ತಿ ಇಳೀಬೇಕು, ದಾರಿ ದೊಡ್ಡದು, ಅತ್ತಿಯವರನ್ನ ಕರಕೊಂಡು ಈ ಸಲ ಬ್ಯಾಡ. ಶಂಕರಾಚಾರ್ಯ ಗುಡ್ಡಕ್ಕೂ ಇನ್ನೂರರ ಮ್ಯಾಲೆ ಮೆಟ್ಟಲಾ. ತುಲಮುಲ್ಲಾದ ಖೀರ್ ಭವಾನಿಗೆ ಕರಕೊಂಡು ಹೋಗ್ರಿ. ಗಾಡಿ ಹತ್ತರ ಹೋಗ್ತದ, ನೆಲ ಸಪಾಟ, ನಡುವ ಬುಗ್ಗಿ ನೀರಿನ ಕುಂಡದಾಗ ದೇವಿ, ಸುತ್ತ ಅಂಗಳ ತುಂಬ ಹಳೇ ಚಿನಾರ್. ಅವರ ದೇವ್ರು, ನಿಮ್ಮ ಎಲಿ ಎರಡೂ ಒಂದ ಕಡೆ ಸಿಗತಾವ. ನನ್ನ ಕೇಳಿದ್ರ ನಿಶಾತ್‌ಕ್ಕಿಂತ ಅದ ಚಂದ.

ಊಟಕ್ಕ ಚಿಂತಿ ಬ್ಯಾಡ. ದಾಲ್‌ಗೇಟ್ ಸುತ್ತ ಸಸ್ಯಾಹಾರಿ ಭೋಜನಾಲಯ ಅವ. ಕಮಲದ ದಂಟಿನ ನದ್ರು, ಮೊಸರಿನ್ಯಾಗ ಬೇಯಿಸಿದ್ದು, ತಪ್ಪಸಬ್ಯಾಡ್ರಿ. ಹಾಕ್ ಅಂತ ಸೊಪ್ಪು ಇರ್ತದ, ಅನ್ನದ ಜೋಡಿ ಚೊಲೋ ಹತ್ತತದ. ಚಟ್ನಿಪುಡಿ ಅಂತೂ ಇಟ್ಕೊಳ್ರಿ, ಅದಕ್ಕ ಯಾರ ಅಪ್ಪಣಿ ಬೇಕು? ಹಗಲು ಸ್ವೆಟರ್ ಸಾಕು, ರಾತ್ರಿ ನಾಕೈದು ಡಿಗ್ರಿಗೆ ಇಳೀತದ, ಅತ್ತಿಯವರಿಗೆ ಥರ್ಮಲ್ ಮತ್ತ ಉಣ್ಣಿ ಸಾಕ್ಸ್ ಬೇಕು. ರೂಮಿನ್ಯಾಗ ಹೀಟರ್, ಬಿಸಿ ಹಾಸಿಗಿ ಅದ ಏನು ಅಂತ ಮೊದಲ ಕೇಳಿ ಬುಕ್ ಮಾಡ್ರಿ. ಸಂಜಿಮುಂದ ಓಣಿಯೊಳಗ ಹೊಗಿ ಕಂಡ್ರ ಗಾಬರಿ ಆಗಬ್ಯಾಡ್ರಿ, ಬಿದ್ದ ಎಲಿ ಗುಡಿಸಿ ಸುಟ್ಟು ಕಾಂಗಡಿಗೆ, ಅಂದ್ರ ಮೈ ಕಾಸ್ಕೊಳ್ಳೂ ಕೆಂಡದ ಗಡಿಗಿಗೆ, ಇದ್ದಲಿ ಮಾಡ್ಕೋತಾರ. ಕೆಮ್ಮು ಇದ್ದವರು ಮಾಸ್ಕ್ ಇಟ್ಕೊಳ್ರಿ.

ಡೊಂಬಿವ್ಲಿ_ಕುಂದಾಪ್ರ

ವಿಮಾನದ ದರ ಜಾಸ್ತಿ ಕಂಡರೆ ಪುಣೆಯಿಂದ ಝೇಲಂ ಎಕ್ಸ್‌ಪ್ರೆಸ್ ಜಮ್ಮುವಿಗೆ ಉಂಟು, ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್. ನದಿಯಿಂದ 359 ಮೀಟರ್ ಎತ್ತರದ ಚಿನಾಬ್ ಸೇತುವೆ ದಾಟ್ತೀರಿ. ಆದರೆ ಹೋಗುವುದಕ್ಕೇ ಎರಡು ದಿನ ಬೇಕು, ನಿಮ್ಮ ರಜೆಗೆ ಕೂಡುವುದಿಲ್ಲ. ದೆಹಲಿ ಮೇಲೆ ವಿಮಾನವೇ ಸೈ. ವಾಪಸ್ ಬರುವಾಗ ಶ್ರೀನಗರ ಏರ್‌ಪೋರ್ಟಿಗೆ ಮೂರು ಗಂಟೆ ಮೊದಲೇ ಹೋಗಿ, ತಪಾಸಣೆ ಮೇಲೆ ತಪಾಸಣೆ ಇರ್ತದೆ.

ಪಿಂಪ್ಳೆ_ಹುಬ್ಬಳ್ಳಿ

31 ಬೆಳಿಗ್ಗೆ ಹೋಗಿ 5ಕ್ಕೆ ಬರೋ ಟಿಕೆಟ್ ಸಿಕ್ಕಿದೆ, ಯಜಮಾನರು ಹಣ ಕಟ್ತಿದ್ದಾರೆ. ಪಹಲ್ಗಾಮ್ ಕೈಬಿಟ್ವಿ, ಆ ದಿನ ಖೀರ್ ಭವಾನಿ. ಚಕ್ಕುಲಿ, ಕರ್ಜಿಕಾಯಿ ಮಾತ್ರ 6ಕ್ಕೇ ಆಗಬೇಕಂತೆ, ಹೊರಗಿಂದ ತರೋ ಹಾಗಿಲ್ಲ ಅಂತ ಅತ್ತೆಯ ಆದೇಶ ಆಗಿದೆ.

ಧಾರವಾಡದಜ್ಜ_ಕೋಥ್ರೂಡ್

ಚೊಲೋ ಆತು. ಒಂದು ಮರತಿದ್ದೆ: ಹೊರಗಿನ ಪ್ರಿಪೇಡ್ ಸಿಮ್ ಅಲ್ಲಿ ನಡಿಯಂಗಿಲ್ಲ, ಪೋಸ್ಟ್‌ಪೇಡ್ ಬೇಕು. ನಿಮ್ಮಿಬ್ಬರೊಳಗ ಒಬ್ಬರದಾದ್ರೂ ಈಗಲೇ ಬದಲಿ ಮಾಡಸ್ಕೊಳ್ರಿ, ಕಡೀಕ ನಿಮ್ಮ ತಾಯಿಯವರು ದಿನಾ ಫೋನ್ ಮಾಡವರ.