ಸಂಶೋಧನೆಗೆ ಅಂಕ ಕೊಡುವಾಗ ಎಚ್-ಸೂಚ್ಯಂಕವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?

ಪ್ರಶ್ನೆ (ಕುಮಟಾ, ಅಧ್ಯಾಪಕಿ):
ನಮ್ಮ ಕಾಲೇಜಿನಲ್ಲಿ ಅಧ್ಯಾಪಕರ ಸಂಶೋಧನೆಗೆ ಅಂಕ ಕೊಡುವ ನಿಯಮಾವಳಿ ಸಿದ್ಧವಾಗುತ್ತಿದ್ದು, ಕರಡು ಸಮಿತಿಯಲ್ಲಿ ನಾನೂ ಇದ್ದೇನೆ. ಲೇಖನಗಳಿಗೆ ಬೇರೆ ಬರಹಗಳಲ್ಲಿ ದೊರೆತ ಉಲ್ಲೇಖಗಳಿಂದ ಲೆಕ್ಕ ಹಾಕುವ ಎಚ್-ಸೂಚ್ಯಂಕ ಮತ್ತು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಇವೆರಡೇ ಸಾಕೆಂಬುದು ಹೆಚ್ಚಿನವರ ಅಭಿಪ್ರಾಯ. ಅಘನಾಶಿನಿ ಅಳಿವೆಯ ಚಿಪ್ಪುಜೀವಿಗಳ ಕುರಿತು ಹತ್ತು ವರ್ಷ ದುಡಿದ ಸಹೋದ್ಯೋಗಿಯೊಬ್ಬರ ಎಚ್-ಸೂಚ್ಯಂಕ 4. ನೀರು ಇಳಿದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಳಚು ಎಣಿಸಿ ಬರೆದಿಟ್ಟ, ಉಪ್ಪುನೀರಿನ ಕಲೆ ಹತ್ತಿದ ಅವರ ಟಿಪ್ಪಣಿ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಸಭೆಯಲ್ಲಿ ಯಾವ ಆಧಾರದ ಮೇಲೆ ವಾದಿಸಲಿ?

ಉತ್ತರ (ಕಾರವಾರ, ನಿವೃತ್ತ ಪ್ರಾಧ್ಯಾಪಕ):
ಮೇಡಂ, ಈ ಸಂಖ್ಯೆಗಳು ಏನನ್ನು ಅಳೆಯುತ್ತವೆ ಎಂಬುದನ್ನೇ ಮೊದಲು ಸಭೆಯ ಮುಂದಿಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಯದ್ದೇ ಹೊರತು ಲೇಖನದ್ದಲ್ಲ. ಹಿಂದಿನ 2 ವರ್ಷಗಳಲ್ಲಿ ಆ ಪತ್ರಿಕೆಯಲ್ಲಿ ಬಂದ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳ ಸರಾಸರಿ ಅದು. ಕೆಲವೇ ಲೇಖನಗಳು ಉಲ್ಲೇಖಗಳ ದೊಡ್ಡ ಪಾಲನ್ನು ಪಡೆಯುವುದರಿಂದ, ಆ ಸರಾಸರಿಯನ್ನು ನೋಡಿ ಒಂದು ಲೇಖನದ ಗುಣವನ್ನು ಹೇಳಲಾಗದು. ಎಚ್-ಸೂಚ್ಯಂಕವನ್ನು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಸೂಚಿಸಿದರು. ಒಬ್ಬರ ಎಚ್-ಸೂಚ್ಯಂಕ 4 ಎಂದರೆ, ತಲಾ ಕನಿಷ್ಠ 4 ಉಲ್ಲೇಖ ಪಡೆದ 4 ಲೇಖನಗಳು ಅವರಿಗಿವೆ, ಆದರೆ ತಲಾ ಕನಿಷ್ಠ 5 ಪಡೆದ 5 ಲೇಖನಗಳಿಲ್ಲ. ಐದು ಲೇಖನಗಳಿಗೆ ಕ್ರಮವಾಗಿ 10, 8, 5, 4, 3 ಉಲ್ಲೇಖಗಳಿದ್ದರೆ ಸೂಚ್ಯಂಕ 4. ಮೊದಲನೆಯದಕ್ಕೆ 10ರ ಬದಲು 500 ಬಂದರೂ ಅದು 4ನ್ನು ದಾಟುವುದಿಲ್ಲ.

ಉತ್ತರ (ಶಿರಸಿ, ಅಡಿಕೆ ಬೆಳೆಗಾರ):
ನಾನು ಎಂ.ಎಸ್ಸಿ. ಮುಗಿಸಿ ತೋಟಕ್ಕೆ ಮರಳಿದವನು. ಅಡಿಕೆಯ ಕೊಳೆರೋಗದ ಬಗ್ಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ನಡೆಸಿದ ಅಧ್ಯಯನ ಪ್ರಕಟವಾದದ್ದು 1910ರಲ್ಲಿ. ಆ ರೋಗವನ್ನು ತಡೆಯಲು ಇಂದಿಗೂ ನಾವು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುತ್ತೇವೆ. ಕೊನೆಗೌಡರು ಮರವೇರಿ ಒಂದೊಂದು ಕೊನೆಯನ್ನೂ ತೋಯಿಸುತ್ತಾರೆ. ಆ ಬಳಕೆ ಯಾವ ಉಲ್ಲೇಖಪಟ್ಟಿಗೂ ಸೇರುವುದಿಲ್ಲ. ಸಂಶೋಧನೆಯಿಂದ ಯಾರಿಗೆ ಉಪಯೋಗವಾಯಿತೆಂದು ಕೇಳುವ ಒಂದು ಕಲಮು ನಿಮ್ಮ ನಿಯಮದಲ್ಲಿರಲಿ.

ಉತ್ತರ (ಅಂಕೋಲಾ, ಸಂಶೋಧನಾ ವಿದ್ಯಾರ್ಥಿನಿ):
ಸಂಖ್ಯೆಗಳನ್ನು ಪೂರ್ತಿ ಕೈಬಿಡಬೇಡಿರೆಂದು ಕೇಳಿಕೊಳ್ಳುತ್ತೇನೆ. ಸಂದರ್ಶನವೊಂದರಲ್ಲಿ ನನ್ನ ಲೇಖನಗಳನ್ನು ಯಾರೂ ತೆರೆದೇ ನೋಡಿರಲಿಲ್ಲ. ಶಿಫಾರಸಿಲ್ಲದ ನನ್ನ ಪರವಾಗಿ ಇದ್ದದ್ದು ಉಲ್ಲೇಖಗಳ ಲೆಕ್ಕವೊಂದೇ. ಆದರೆ ಪ್ರಕಟಣೆಗಳ ಎಣಿಕೆಗೇ ಅಂಕ ಸಿಗುವಂತಾದರೆ ಹಣ ಪಡೆದು ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಳ್ಳುತ್ತವೆ. 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ತನ್ನ ಅಂಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಸಂಶೋಧನೆಯ ಮೌಲ್ಯಮಾಪನದಲ್ಲಿ ಸಂಖ್ಯೆಗಳನ್ನು ಹೇಗೆ ಬಳಸಬೇಕೆಂದು ಹೇಳುವ 2015ರ ಲೈಡನ್ ಪ್ರಣಾಳಿಕೆಯ 10 ತತ್ತ್ವಗಳಲ್ಲಿ ಮೊದಲನೆಯದು, ಸಂಖ್ಯೆಗಳು ಪರಿಣತರ ವಿಮರ್ಶೆಗೆ ಆಸರೆಯಾಗಿರಬೇಕೆಂಬುದು. ಮೂರನೆಯದು, ಸ್ಥಳೀಯ ಮಹತ್ವದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕೆಂಬುದು. ನಿಮ್ಮ ಸಹೋದ್ಯೋಗಿಯ ಪರವಾಗಿ ಇದನ್ನೇ ಮುಂದಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಭ್ಯರ್ಥಿಯೇ ಆಯ್ದುಕೊಟ್ಟ 3 ಬರಹಗಳನ್ನು ಸಮಿತಿಯ ಇಬ್ಬರು ಪೂರ್ತಿ ಓದಿ ಲಿಖಿತ ಅಭಿಪ್ರಾಯ ಸಲ್ಲಿಸಿದ ಬಳಿಕವೇ ಸೂಚ್ಯಂಕಗಳನ್ನು ಪರಿಶೀಲಿಸತಕ್ಕದ್ದು ಎಂಬ ವಾಕ್ಯವನ್ನು ಕರಡಿಗೆ ಸೇರಿಸುತ್ತಿದ್ದೇನೆ.