ಎಂಜಿನ್ ಉಸಿರಾಡುತ್ತದೆಯೇ? ಏರ್ ಬ್ರೀದಿಂಗ್ ಎನ್ನುವುದಕ್ಕೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಏರ್ ಬ್ರೀದಿಂಗ್ ರಾಕೆಟ್ ಎಂಜಿನ್ ಎನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯುತ್ತೀರಿ? ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ರನ್‌ವೇ ಮೇಲಿಂದ ವಿಮಾನದ ಹಾಗೆ ಎದ್ದು, ಕಕ್ಷೆಗೆ ಹೋಗಿ, ವಾಪಸ್ ಬಂದು ಇಳಿದು, ಇಂಧನ ತುಂಬಿಸಿಕೊಂಡು ಮತ್ತೆ ಹೊರಡುವ ವಾಹನದ ಕನಸು ಇದೆಯಲ್ಲ, ಅದರ ಬಗ್ಗೆ. 'ಗಾಳಿ ಉಸಿರಾಡುವ ಎಂಜಿನ್' ಎಂದು ಬರೆದರೆ ಕಿವಿಗೆ ಹಿತವಾಗಿಯೇ ಇದೆ. ಆದರೆ ಅದು ಕೆಲಸ ಮಾಡುವ ರೀತಿ ವಿವರಿಸುವಾಗ 'ಉಸಿರಾಡು' ಅಡ್ಡ ಬರುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ರಾಕೆಟ್ಟು ಇಂಧನದ ಜೊತೆಗೆ ಅದನ್ನು ಉರಿಸಲು ಬೇಕಾದ ಆಕ್ಸಿಜನ್ನನ್ನೂ ತಾನೇ ಹೊತ್ತುಕೊಂಡು ಹೋಗುತ್ತದೆ. ಆ ಹೊರೆ ಸಣ್ಣದಲ್ಲ. ಅಮೆರಿಕದ ಸ್ಪೇಸ್ ಶಟಲ್‌ನ ದೊಡ್ಡ ಕಿತ್ತಳೆ ಬಣ್ಣದ ಟ್ಯಾಂಕಿನಲ್ಲಿ ಸುಮಾರು 106 ಟನ್ ಹೈಡ್ರೋಜನ್ ಇದ್ದರೆ, ಅದನ್ನು ಉರಿಸುವ ದ್ರವ ಆಕ್ಸಿಜನ್ ಸುಮಾರು 630 ಟನ್ ಇರುತ್ತಿತ್ತು. ಸುತ್ತಲೂ ಗಾಳಿ ಇರುವಷ್ಟು ಹೊತ್ತು ಆ ಗಾಳಿಯ ಆಕ್ಸಿಜನ್ನನ್ನೇ ಬಳಸಿಕೊಂಡರೆ ಹೊರೆ ಎಷ್ಟು ಇಳಿಯುತ್ತದೆ ನೋಡಿ. ಲೆಕ್ಕ ಅಷ್ಟೇ. ಲೆಕ್ಕದಿಂದ ಎಂಜಿನ್‌ಗೆ ಬರುವುದರಲ್ಲೇ ದಶಕಗಳು ಕಳೆದಿವೆ.

ಈಗ ಪದಕ್ಕೆ ಬರೋಣ. 'ಉಸಿರಾಡು' ಎನ್ನುವುದರಲ್ಲಿರುವ 'ಆಡು' ಸಾಮಾನ್ಯವಾಗಿ ಹೋಗಿ ಬರುವ, ಮತ್ತೆ ಮತ್ತೆ ನಡೆಯುವ ಕೆಲಸವನ್ನು ಹೇಳುತ್ತದೆ. ಓಡಾಡು, ತೂಗಾಡು, ಅಲೆದಾಡು, ಹಾಗೆಯೇ ಉಸಿರಾಡು. ಮೂಗಿನಿಂದ ಒಳಗೆ, ಅದೇ ಮೂಗಿನಿಂದ ಹೊರಗೆ. ಎಂಜಿನ್‌ನಲ್ಲಿ ಹಾಗಲ್ಲ, ಗಾಳಿ ಮುಂದಿನಿಂದ ಬಂದು ಹಿಂದಿನಿಂದ ಹೋಗುತ್ತದೆ, ಎಡೆಬಿಡದೆ, ಒಂದೇ ದಿಕ್ಕಿನಲ್ಲಿ. ಇದು ಸುಮ್ನೆ ತಕರಾರು ಅನ್ನಿಸಬಹುದು. ಇಂಗ್ಲಿಷಿನವರೂ ಬ್ರೀದಿಂಗ್ ಅಂತಲೇ ಹೇಳುತ್ತಾರಲ್ಲ, ಅವರಿಗಿಲ್ಲದ ತೊಂದರೆ ನಮಗೇಕೆ ಎಂದು ಕೇಳಿದರೆ ನನ್ನ ಉತ್ತರ ಇಷ್ಟೆ: ಅವರ ಪದದಲ್ಲಿ 'ಆಡು' ಇಲ್ಲ.

'ಹೀರು' ಆಗಬಹುದೇ? 'ಸೇದು'? ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ, ಹಾಗಾಗಿ 'ಗಾಳಿ ಸೇದುವ ಎಂಜಿನ್' ಒಳ್ಳೆಯ ಕನ್ನಡವೇ. ರನ್‌ವೇ ಮೇಲೆ ನಿಂತಿರುವ ಎಂಜಿನ್‌ಗೆ ಎರಡೂ ಸರಿ, ಅಲ್ಲಿ ಅದು ನಿಜವಾಗಿಯೂ ಗಾಳಿಯನ್ನು ಎಳೆದುಕೊಳ್ಳಬೇಕು. ಆದರೆ ವೇಗ ಏರಿದಂತೆ ಪರಿಸ್ಥಿತಿ ತಿರುಗಿಬೀಳುತ್ತದೆ. ಸದ್ದಿನ ವೇಗದ ಐದು ಪಟ್ಟು, ಅಂದರೆ ಮ್ಯಾಕ್ 5ರಲ್ಲಿ, ಗಾಳಿ ತಾನೇ ಬಾಯಿಗೆ ನುಗ್ಗುತ್ತದೆ. ಹೀರುವ ಮಾತೇ ಇಲ್ಲ. ನುಗ್ಗುವ ಗಾಳಿಯನ್ನು ತಡೆದು ನಿಧಾನ ಮಾಡಬೇಕು, ನಿಧಾನ ಮಾಡಿದರೆ ಅದರ ಚಲನೆಯ ಶಕ್ತಿಯೆಲ್ಲ ಬಿಸಿಯಾಗುತ್ತದೆ, ಸುಮಾರು 1000 ಡಿಗ್ರಿ ಸೆಲ್ಸಿಯಸ್ ತನಕ. ಅಷ್ಟು ಬಿಸಿ ಗಾಳಿಯನ್ನು ಮತ್ತೂ ಒತ್ತಿ ರಾಕೆಟ್ಟಿನ ಉರಿಕೋಣೆಗೆ ಕಳುಹಿಸಲು ಹೋದರೆ ಸಾಮಾನ್ಯ ಕಂಪ್ರೆಸರ್ ಉಳಿಯುವುದಿಲ್ಲ. ಸಾಲದ್ದಕ್ಕೆ ಆ ಗಾಳಿಯಲ್ಲಿ ನಮಗೆ ಬೇಕಾದ ಆಕ್ಸಿಜನ್ ಐದರಲ್ಲಿ ಒಂದು ಪಾಲು ಮಾತ್ರ. ಮಿಕ್ಕಿದ್ದು ಹೆಚ್ಚುಕಡಿಮೆ ಎಲ್ಲಾ ನೈಟ್ರೋಜನ್.

ಈ ಒಂದು ಬಿಸಿಯ ಸಮಸ್ಯೆಗೆ ಜೀವನವನ್ನೇ ಕೊಟ್ಟವರಿದ್ದಾರೆ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇಂಥದೇ ವಾಹನ ಕಟ್ಟುವ ಹೋಟಾಲ್ ಎಂಬ ಯೋಜನೆ ಇತ್ತು. ಸರ್ಕಾರ ಹಣ ನಿಲ್ಲಿಸಿತು. ಅದರ ಎಂಜಿನ್ ವಿನ್ಯಾಸವನ್ನು ಗುಟ್ಟಿನ ಪಟ್ಟಿಗೆ ಸೇರಿಸಿಬಿಟ್ಟಿದ್ದರು, ಹಾಗಾಗಿ ಅದನ್ನು ರೂಪಿಸಿದ ಅಲನ್ ಬಾಂಡ್ ಅವರೇ ಅದನ್ನು ಮುಂದುವರಿಸುವಂತಿರಲಿಲ್ಲ! ಅವರು ಇಬ್ಬರು ಜೊತೆಗಾರರೊಂದಿಗೆ 1989ರಲ್ಲಿ ರಿಯಾಕ್ಷನ್ ಎಂಜಿನ್ಸ್ ಕಂಪನಿ ಕಟ್ಟಿ, ಸೇಬರ್ ಎಂಬ ಹೊಸ ಎಂಜಿನ್‌ಗೆ ಕೈಹಾಕಿದರು. ಮ್ಯಾಕ್ 5ರ ಆಸುಪಾಸಿನವರೆಗೆ, ಸುಮಾರು 25 ಕಿಲೋಮೀಟರ್ ಎತ್ತರದ ತನಕ ಹೊರಗಿನ ಗಾಳಿ, ಆಮೇಲೆ ಟ್ಯಾಂಕಿನ ದ್ರವ ಆಕ್ಸಿಜನ್. ಇದರ ಜೀವಾಳ ಪ್ರೀಕೂಲರ್, ಅಂದರೆ ಒಳಗೆ ನುಗ್ಗುವ ಬಿಸಿ ಗಾಳಿಯನ್ನು ಕಂಪ್ರೆಸರ್‌ಗೆ ಹೋಗುವ ಮುಂಚೆಯೇ ತಣಿಸುವ ಭಾಗ. ಕೂದಲಿಗಿಂತ ತೆಳು ಗೋಡೆಯ ಸಾವಿರಾರು ಸಣ್ಣ ಕೊಳವೆಗಳು, ಒಳಗೆ ಹರಿಯುವ ತಣ್ಣನೆಯ ಹೀಲಿಯಂ. ಗಾಳಿಯನ್ನು ತೀರಾ ತಂಪು ಮಾಡಿದರೆ ಅದರಲ್ಲಿರುವ ನೀರಿನ ಆವಿ ಮಂಜುಗಡ್ಡೆಯಾಗಿ ಕೊಳವೆಗಳ ನಡುವೆ ಕಟ್ಟಿಕೊಳ್ಳುತ್ತದೆ. ಅದನ್ನು ತಡೆಯುವ ಉಪಾಯವನ್ನು ಕಂಪನಿ ವರ್ಷಗಟ್ಟಲೆ ಹೊರಗೆ ಬಿಟ್ಟಿರಲಿಲ್ಲ. 2012ರಲ್ಲಿ ಗಾಳಿಯನ್ನು ಮೈನಸ್ 150 ಡಿಗ್ರಿಗೆ ಇಳಿಸಿ ತೋರಿಸಿದರು. 2019ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ, ಮ್ಯಾಕ್ 5ರಲ್ಲಿ ಎದುರಾಗುವಂಥ 1000 ಡಿಗ್ರಿಯ ಗಾಳಿಯನ್ನೇ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ತಣಿಸಿದರು. ಇಷ್ಟೆಲ್ಲಾ ಆಗಿ, 2024ರ ಅಕ್ಟೋಬರ್ ಕೊನೆಗೆ ದುಡ್ಡಿಲ್ಲದೆ ಕಂಪನಿ ಮುಚ್ಚಿತು. ಪೂರ್ಣ ಎಂಜಿನ್ ಒಂದು ಸಲವೂ ಹಾರಲಿಲ್ಲ. ನನಗೆ ಇದು ತುಂಬಾ ಬೇಸರದ ಸಂಗತಿ, ಯಾಕಂದರೆ ಅತಿ ಕಷ್ಟದ ಭಾಗ ಕೆಲಸ ಮಾಡುತ್ತದೆ ಎಂದು ತೋರಿಸಿಯಾಗಿತ್ತು.

ಇನ್ನೊಂದು ದಾರಿ ಸ್ಕ್ರಾಮ್‌ಜೆಟ್. ಅಲ್ಲಿ ಗಾಳಿಯನ್ನು ಅಷ್ಟೊಂದು ನಿಧಾನ ಮಾಡುವುದೇ ಇಲ್ಲ, ಸದ್ದಿಗಿಂತ ಜಾಸ್ತಿ ವೇಗದಲ್ಲಿ ಹರಿಯುತ್ತಿರುವಾಗಲೇ ಇಂಧನ ಸೇರಿಸಿ ಉರಿಸಬೇಕು. ಇಂಥ ಎಂಜಿನ್ನಿನ ವಿಮಾನ ಕಟ್ಟುವ ಅಮೆರಿಕದ ಎಕ್ಸ್-30 ಯೋಜನೆಯನ್ನು 1986ರಲ್ಲಿ ಅಧ್ಯಕ್ಷ ರೇಗನ್ ದೊಡ್ಡದಾಗಿ ಸಾರಿದರು, 1993ರಲ್ಲಿ ಒಂದು ವಿಮಾನವನ್ನೂ ಹಾರಿಸದೆ ನಿಲ್ಲಿಸಿದರು. ನಾಸಾದ ಪರೀಕ್ಷಾ ವಿಮಾನ ಎಕ್ಸ್-43ಎ 2004ರಲ್ಲಿ ಮ್ಯಾಕ್ 9.6 ಮುಟ್ಟಿತು, ಎಂಜಿನ್ ಉರಿದದ್ದು ಹತ್ತು ಸೆಕೆಂಡಿನಷ್ಟು. ಇಸ್ರೋ 2016ರ ಆಗಸ್ಟ್ 28ರಂದು ಹಾರಿಸಿ ನೋಡಿದಾಗ ಐದು ಸೆಕೆಂಡು. ಇಲ್ಲಿ ಪ್ರಗತಿಯನ್ನು ಅಳೆಯುವುದೇ ಸೆಕೆಂಡುಗಳಲ್ಲಿ. ಜೊತೆಗೆ ಸ್ಕ್ರಾಮ್‌ಜೆಟ್ ನಿಂತಲ್ಲಿಂದ ಹೊರಡಲಾರದು. ಯಾರಾದರೂ ಮೊದಲು ಅದನ್ನು ಆ ವೇಗಕ್ಕೆ ಒಯ್ದು ಬಿಡಬೇಕು.

ಪದದ ದೃಷ್ಟಿಯಿಂದ ನೋಡಿ: ವಿಮಾನದ ಜೆಟ್ ಎಂಜಿನ್ನಾದ ಟರ್ಬೋಜೆಟ್ಟು ಗಾಳಿಯನ್ನು ಹೀರುತ್ತದೆ, ಸೇಬರ್ ತಡೆದು ತಣಿಸುತ್ತದೆ, ಸ್ಕ್ರಾಮ್‌ಜೆಟ್ಟು ಹರಿಯುತ್ತಿರುವಂತೆಯೇ ಉರಿಸುತ್ತದೆ. ಮೂರೂ ಏರ್ ಬ್ರೀದಿಂಗ್. ಗಾಳಿ ಹೇಗೆ ಒಳಗೆ ಬರುತ್ತದೆ ಎಂಬುದನ್ನು ಬಿಟ್ಟು, ಅದು ಎಂಜಿನ್‌ಗೆ ಯಾತಕ್ಕೆ ಒದಗುತ್ತದೆ ಎಂಬುದರಿಂದ ಹೆಸರಿಡುವುದು ಮೇಲು ಅನ್ನಿಸುತ್ತದೆ ನನಗೆ.

ಹಳಗನ್ನಡದಲ್ಲಿ ಹಾವಿಗೆ 'ಎಲರುಣಿ' ಎಂಬ ಹೆಸರಿದೆ. ಎಲರ್ ಅಂದರೆ ಗಾಳಿ, ಗಾಳಿಯನ್ನು ಉಣ್ಣುವುದು ಎಲರುಣಿ. ಸಂಸ್ಕೃತದ ಪವನಾಶನಕ್ಕೆ ಸರಿಯಾದ ಜೋಡಿ. ಹಾವು ಗಾಳಿ ತಿಂದು ಬದುಕುವುದಿಲ್ಲ, ಅದು ಬೇರೆ ಮಾತು. ಆದರೆ ಈ ಎಂಜಿನ್ ನಿಜವಾಗಿಯೂ ಗಾಳಿಯನ್ನು ಉಂಡೇ ಉರಿಯುತ್ತದೆ. ಎಲರ್ ಇವತ್ತು ಯಾರಿಗೂ ಗೊತ್ತಾಗುವುದಿಲ್ಲ, 'ಗಾಳಿಯುಣಿ ಎಂಜಿನ್' ಅಂದರೆ? ಮಕ್ಕಳಿಗೆ ವಿವರಿಸುವುದೂ ಸುಲಭ. ಮಾಮೂಲಿ ರಾಕೆಟ್ಟು ಪೂರ್ತಿ ಬುತ್ತಿ ಕಟ್ಟಿಕೊಂಡು ಹೊರಡುತ್ತದೆ, ಗಾಳಿಯುಣಿ ದಾರಿಯಲ್ಲಿ ಸಿಕ್ಕಿದ್ದನ್ನು ಉಂಡು ಹೋಗುತ್ತದೆ, ಏನೂ ಸಿಗದ ಎತ್ತರಕ್ಕೆ ಹೋದ ಮೇಲೆ ಸೇಬರ್‌ನಂಥದ್ದು ತನ್ನ ಸಣ್ಣ ಬುತ್ತಿ ಬಿಚ್ಚುತ್ತದೆ. ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದ ಆಕ್ಸಿಜನ್ನಿನಂಥ ವಸ್ತು) ಎನ್ನುವುದನ್ನು ಆಮೇಲೆ ನಿಧಾನವಾಗಿ ಹೇಳಿಕೊಡಬಹುದು.

ಇನ್ನೊಂದು ಬಳಕೆಯ ಬಗ್ಗೆಯೂ ಕೇಳಬೇಕು. ಇಂಥ ಯೋಜನೆಗಳ ಬಗ್ಗೆ ಬರೆಯುವಾಗ ನಾವೆಲ್ಲ 'ಅಭಿವೃದ್ಧಿಪಡಿಸಲಾಗುತ್ತಿದೆ' ಎಂದು ಬರೆಯುತ್ತೇವೆ. ಯಾರು ಮಾಡುತ್ತಿದ್ದಾರೆ ಎಂಬುದೂ ಇಲ್ಲ, ಎಲ್ಲಿಗೆ ಬಂತು ಎಂಬುದೂ ಇಲ್ಲ. ಹೋಟಾಲ್ ಬಗ್ಗೆಯೂ ಇದೇ ವಾಕ್ಯ, ಸೇಬರ್ ಬಗ್ಗೆಯೂ ಇದೇ ವಾಕ್ಯ. ನೆಲದ ಮೇಲೆ ಒಂದು ಭಾಗ ಪರೀಕ್ಷೆಯಾದದ್ದು, ಇಡೀ ಎಂಜಿನ್ ಉರಿದದ್ದು, ಹಾರಿದ್ದು, ಈ ಮೂರಕ್ಕೂ ಬೇರೆ ಬೇರೆ ಮಾತು ಬೇಡವೇ? ನಾನಂತೂ 'ತಣಿಸುವ ಭಾಗ ಪರೀಕ್ಷೆಯಾಗಿದೆ, ಎಂಜಿನ್ ಹಾರಿಲ್ಲ' ಎಂದು ಬಿಡಿಸಿ ಬರೆಯುವುದು ಎಂದುಕೊಂಡಿದ್ದೇನೆ, ಉದ್ದವಾದರೂ ಪರವಾಗಿಲ್ಲ.

ಹಾಗಾಗಿ ಕೇಳುವುದು ಎರಡು. 'ಗಾಳಿಯುಣಿ' ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಅದಕ್ಕಿಂತ ಒಳ್ಳೆಯದು ಯಾರ ಬಳಿಯಾದರೂ ಇದೆಯೇ? ಮತ್ತೆ ಪ್ರೀಕೂಲರ್‌ಗೆ ಏನು ಮಾಡೋಣ? 'ಮುಂತಣಿಕ' ಎಂದು ಬರೆದಿಟ್ಟುಕೊಂಡಿದ್ದೇನೆ, ಸ್ವಲ್ಪ ಕೃತಕ ಅನ್ನಿಸುತ್ತದೆ. 'ಪೂರ್ವಶೀತಕ' ಮಾತ್ರ ಬೇಡ ದಯವಿಟ್ಟು, ಎಂಜಿನ್‌ಗೆ ನೆಗಡಿ ಆಗುವ ಮುಂಚೆ ಕೊಡುವ ಔಷಧಿ ಅಂದುಕೊಳ್ಳುತ್ತಾರೆ ಮಕ್ಕಳು.