ಬೀದಿಯಲ್ಲಿ ಮಲಗುವವರು ಹಣ ಕೇಳಿದಾಗ ಏನು ಮಾಡಬೇಕು? ಅನುಭವ ಹಂಚಿಕೆ

ಪ್ರಶ್ನೆ: ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮನೆಯಿಲ್ಲದೆ ಬೀದಿಯಲ್ಲೇ ಮಲಗುವ ಕೆಲವರು ದಿನವೂ ಹಣ ಕೇಳುತ್ತಾರೆ. ಕೊಟ್ಟರೆ ಅದು ಕುಡಿತಕ್ಕೆ ಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಕೊಡದೆ ಮುಂದೆ ಹೋದರೆ ನನಗೆ ದಿನವಿಡೀ ಸಮಾಧಾನವಿರುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ರಾತ್ರಿ ತಂಗುದಾಣದ ಸ್ವಯಂಸೇವಕರೊಬ್ಬರು: ನಾನು ಹಣವನ್ನೇ ಕೊಡುತ್ತೇನೆ, ಕೊಟ್ಟ ಮೇಲೆ ಲೆಕ್ಕ ಕೇಳುವುದಿಲ್ಲ. ಊಟ ತಂದುಕೊಡುವವರು ಸಾಕಷ್ಟು ಮಂದಿ ಇರುತ್ತಾರೆ, ಒಂದೇ ಹೊತ್ತಿಗೆ ಒಬ್ಬರ ಮುಂದೆ ಮೂರು ನಾಲ್ಕು ಪೊಟ್ಟಣಗಳು ಬಂದು ಬೀಳುವುದೂ ಉಂಟು. ಆದರೆ ಶೌಚಾಲಯಕ್ಕೆ, ಸ್ನಾನಕ್ಕೆ, ಬಸ್ಸಿಗೆ, ಮೊಬೈಲ್ ರೀಚಾರ್ಜಿಗೆ, ಕಳೆದುಹೋದ ಗುರುತಿನ ಚೀಟಿಯ ನಕಲು ಪಡೆಯುವುದಕ್ಕೆ ಕೈಯಲ್ಲಿ ಚಿಲ್ಲರೆ ಇರಲೇಬೇಕು. ಒಮ್ಮೆ ಹಿರಿಯರೊಬ್ಬರು ನಾನು ಕೊಟ್ಟ ಸೇಬನ್ನು ಹಾಗೆಯೇ ಹಿಂದಿರುಗಿಸಿ, ತುಟಿ ಸರಿಸಿ ಒಸಡು ತೋರಿಸಿದರು. ಮುಂದಿನ ಹಲ್ಲು ಒಂದೂ ಇರಲಿಲ್ಲ. ದಾರ ಸುತ್ತಿ ನಿಲ್ಲಿಸಿಕೊಂಡಿದ್ದ ಕನ್ನಡಕದ ಕಡ್ಡಿಯನ್ನು ರಿಪೇರಿ ಮಾಡಿಸಲು ಅವರಿಗೆ ಅಂದು ದುಡ್ಡು ಬೇಕಾಗಿತ್ತು. ಕೊಡುವ ಮೊದಲು "ಏನು ಬೇಕಿತ್ತು?" ಎಂದು ಕೇಳುವುದು ಅಷ್ಟು ಮುಖ್ಯ.

ಕುಡಿತದ ಆತಂಕದ ಬಗ್ಗೆ ಒಂದು ಮಾತು. ಕೆನಡಾದ ವ್ಯಾಂಕೂವರ್ ಪ್ರದೇಶದಲ್ಲಿ 2018ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ, ಮನೆಯಿಲ್ಲದ 50 ಮಂದಿಗೆ ಯಾವ ಷರತ್ತೂ ಇಲ್ಲದೆ ತಲಾ 7,500 ಕೆನಡಾ ಡಾಲರುಗಳನ್ನು ಒಂದೇ ಕಂತಿನಲ್ಲಿ ಕೊಟ್ಟು, ಒಂದು ವರ್ಷ ಅವರ ಸ್ಥಿತಿಗತಿಯನ್ನು ಗಮನಿಸಲಾಯಿತು. ಹಣ ಸಿಗದವರೊಂದಿಗೆ ಹೋಲಿಸಿದಾಗ, ಇವರು ಮನೆಯಿಲ್ಲದೆ ಕಳೆದ ದಿನಗಳು ಸರಾಸರಿ 99ರಷ್ಟು ಕಡಿಮೆಯಾಗಿದ್ದವು; ಮದ್ಯ ಮತ್ತು ಮಾದಕ ವಸ್ತುಗಳ ಮೇಲಿನ ಖರ್ಚು ಹೆಚ್ಚಿರಲಿಲ್ಲ. ತೀವ್ರ ವ್ಯಸನ ಅಥವಾ ಮಾನಸಿಕ ಕಾಯಿಲೆ ಇದ್ದವರನ್ನು ಆಯ್ಕೆಯ ಹಂತದಲ್ಲೇ ಕೈಬಿಟ್ಟಿದ್ದರು ಎಂಬುದನ್ನೂ ಹೇಳಬೇಕು. ಹಾಗಾಗಿ ಈ ಫಲಿತಾಂಶ ಎಲ್ಲರಿಗೂ ಅನ್ವಯಿಸುತ್ತದೆ ಎನ್ನಲಾಗದು. ಆದರೂ ದುಡ್ಡು ಕೈಗೆ ಬಂದೊಡನೆ ಎಲ್ಲರೂ ಹಾಳುಮಾಡುತ್ತಾರೆ ಎಂಬ ನಂಬಿಕೆಗೆ ಅದರಲ್ಲಿ ಆಧಾರ ಸಿಗಲಿಲ್ಲ.

ದಾದಿಯೊಬ್ಬರು: ಮೇಲೆ ಬರೆದವರಷ್ಟು ಸಲೀಸಾಗಿ ನಾನು ಹಣ ಕೊಡಲಾರೆ, ಅಮಲೇರಿ ತೂರಾಡುತ್ತಿರುವವರಿಗಂತೂ ಕೊಡುವುದಿಲ್ಲ. ಹಾಗೆಂದು "ಮೊದಲು ಕುಡಿತ ಬಿಡಿ, ಆಮೇಲೆ ನೋಡೋಣ" ಎಂದು ಉಪದೇಶಿಸುವುದೂ ಸರಿಯಲ್ಲ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ದೇಹಕ್ಕೆ ಅದು ಏಕಾಏಕಿ ತಪ್ಪಿದರೆ ನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಬಿಡಿಸುವ ಕೆಲಸ ವೈದ್ಯರ ನಿಗಾದಲ್ಲೇ ನಡೆಯಬೇಕು. ನಾನು ಚೀಲದಲ್ಲಿ ಇಟ್ಟುಕೊಂಡಿರುವುದು ಒಣ ಕಾಲುಚೀಲ ಮತ್ತು ಸ್ಯಾನಿಟರಿ ಪ್ಯಾಡುಗಳನ್ನು. ಒದ್ದೆ ಕಾಲುಚೀಲದಲ್ಲೇ ದಿನ ಕಳೆದವರ ಪಾದ ಬಿಳಿಚಿ, ಸುಕ್ಕುಗಟ್ಟಿ, ಬೆರಳ ಸಂದಿಯಲ್ಲಿ ಚರ್ಮ ಒಡೆದಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಂತಹ ಸಣ್ಣ ಗಾಯವೇ ಕಾಲು ಕಳೆದುಕೊಳ್ಳಲು ಕಾರಣವಾಗಬಹುದು. ಇನ್ನೊಂದು ವಿಷಯ: ಯಾರಾದರೂ ಅಲುಗಾಡದೆ ಬಿದ್ದಿದ್ದರೆ ಕುಡಿದಿದ್ದಾರೆ ಎಂದುಕೊಂಡು ದಾಟಿಹೋಗಬೇಡಿ. ಗಟ್ಟಿಯಾಗಿ ಕರೆಯಿರಿ, ಉಸಿರಾಟ ಗಮನಿಸಿ. ಉಸಿರು ಸರಿಯಾಗಿದ್ದು ಎಚ್ಚರವಿಲ್ಲದಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬ್ಯುಲೆನ್ಸ್ ಕರೆಸಿ.

ಒಬ್ಬ ಓದುಗರು: ನಾನು ಒಂಟಿಯಾಗಿ ಓಡಾಡುವ ಹೆಂಗಸು. ಪರ್ಸ್ ತೆರೆಯಬೇಕಾಗಿ ಬಾರದಂತೆ ಕೊಡುವ ಹಣವನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದು ಮುಗಿದಿದ್ದರೆ ಮುಖ ನೋಡಿ "ಇವತ್ತು ಆಗುವುದಿಲ್ಲ" ಎನ್ನುತ್ತೇನೆ. ಮಕ್ಕಳು ಕೇಳಿದಾಗ ಮಾತ್ರ ಹಣ ಕೊಡದೆ ಮಕ್ಕಳ ಸಹಾಯವಾಣಿಗೆ ತಿಳಿಸುತ್ತೇನೆ, ಏಕೆಂದರೆ ಮಗು ಸಂಪಾದಿಸಿದಷ್ಟೂ ಅದನ್ನು ಬೀದಿಯಲ್ಲೇ ಉಳಿಸಿಕೊಳ್ಳುವವರಿಗೆ ಲಾಭ.

ಹಿಂದೆ ಬೀದಿಯಲ್ಲಿ ಮಲಗಿದ್ದವರೊಬ್ಬರು: ನಿದ್ದೆಯಲ್ಲಿರುವವರ ತಲೆಯ ಬಳಿ ಹಣ ಇಟ್ಟುಹೋಗಬೇಡಿ. ಎಚ್ಚರವಾಗುವಷ್ಟರಲ್ಲಿ ಅದು ಇರುವುದಿಲ್ಲ, ಅದಕ್ಕಾಗಿ ಬಂದವರು ಹೊದಿಕೆಯನ್ನೂ ಒಯ್ಯುತ್ತಾರೆ. ಕೊಡುವಾಗ ಫೋಟೊ ತೆಗೆಯಬೇಡಿ. ನಾವು ಎಲ್ಲಿದ್ದೇವೆಂದು ಊರಿನವರಿಗೆ ತಿಳಿಯಬಾರದೆಂಬ ಕಾರಣ ನಮ್ಮಲ್ಲಿ ಅನೇಕರಿಗೆ ಇರುತ್ತದೆ. "ದುಡಿದು ತಿನ್ನಬಾರದೇ" ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಅರ್ಜಿಯಲ್ಲಿ ಬರೆಯಲು ವಿಳಾಸ, ಸಂದರ್ಶನಕ್ಕೆ ಹೋದಾಗ ಗಂಟುಮೂಟೆ ಇಡಲು ಜಾಗ, ಹಿಂದಿನ ರಾತ್ರಿ ನಾಲ್ಕು ಗಂಟೆಯ ನಿದ್ದೆ, ಇವು ಮೂರೂ ಇಲ್ಲದೆ ಕೆಲಸ ಹುಡುಕುವುದು ಎಷ್ಟು ಕಷ್ಟವೆಂದು ಅವರಿಗೆ ತಿಳಿದಿರಲಿಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟು. ಕೈಗೆ ಕೊಡುವುದನ್ನು ನಿಮ್ಮ ಶಕ್ತಿಯಿದ್ದಷ್ಟು ಕೊಡಿ, ಅದರ ಜೊತೆಗೆ ವಸತಿ ಒದಗಿಸುವ ಸಂಸ್ಥೆಯೊಂದಕ್ಕೆ ತಿಂಗಳು ತಿಂಗಳು ಸ್ವಲ್ಪ ಕಳಿಸಿ. ಚಟ ಬಿಟ್ಟು ಅರ್ಹರಾದ ಮೇಲೆ ಮನೆ ಎಂಬ ಕ್ರಮವನ್ನು ತಿರುವುಹಾಕಿ, ಮೊದಲು ಮನೆ ಕೊಟ್ಟು ಆಮೇಲೆ ಚಿಕಿತ್ಸೆಗೆ ನೆರವಾಗುವ ಪದ್ಧತಿಯನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದರು. ಫಿನ್ಲೆಂಡ್ 2008ರಿಂದ ಅದೇ ತತ್ವವನ್ನು ರಾಷ್ಟ್ರದ ನೀತಿಯಾಗಿ ಅನುಸರಿಸಿ, ಬೀದಿಯಲ್ಲಿ ಮಲಗುವವರ ಸಂಖ್ಯೆಯನ್ನು ಬಹಳವಾಗಿ ತಗ್ಗಿಸಿತು. ಹಣ ಕಳಿಸುವ ಮೊದಲು ಆ ಸಂಸ್ಥೆಗೆ ಹೋಗಿ, ದಂಪತಿಗಳನ್ನು ಬೇರ್ಪಡಿಸದೆ ಸೇರಿಸಿಕೊಳ್ಳುತ್ತಾರೆಯೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಗೆ ಕಳಿಸುತ್ತಾರೆ, ಸಾಮಾನು ಇಟ್ಟುಕೊಳ್ಳಲು ಬೀಗವಿರುವ ಪೆಟ್ಟಿಗೆ ಇದೆಯೇ ಎಂದು ಕೇಳಿನೋಡಿ.